ಪಳಗಿದ ನೀರು

ನನ್ನ ಅಕ್ವೇರಿಯಂ ಅಂಗಡಿಗೆ ಬಂದವರೆಲ್ಲ ಮೊದಲು ಮೀನಿನ ಕಡೆ ಬೆರಳು ತೋರಿಸುತ್ತಾರೆ. ನೀರಿನ ಯೋಚನೆ ಯಾರಿಗೂ ಇರುವುದಿಲ್ಲ. ಮೀನು ಸತ್ತ ಮೇಲೆ ಬಂದು ನನ್ನ ಮೇಲೆ ಹರಿಹಾಯುತ್ತಾರೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಮೀನೇ ಬೇಡ ಎಂದವಳು ಒಬ್ಬಳೇ, ನನ್ನ ತಂಗಿ.

"ದೊಡ್ಡದೊಂದು ಟ್ಯಾಂಕ್ ಹಾಕಿಕೊಡು ಅಣ್ಣ. ಉಪ್ಪುನೀರಿಂದು."

"ಯಾವ ಮೀನು ಬಿಡೋಣ?"

"ಮೀನು ಬೇಡ. ನೀರಿದ್ರೆ ಸಾಕು."

ಅವಳ ಗಂಡ ಬಂದರಿನಲ್ಲಿ ಹಡಗುಗಳ ತಳ ಕೆರೆಯುವ ಮುಳುಗುಗಾರ. ಒಳ್ಳೆಯ ಮನುಷ್ಯ, ನನ್ನ ಹಳಸಲು ತಮಾಷೆಗೂ ಮರ್ಯಾದೆಗೆಂದು ನಗುತ್ತಿದ್ದ. ಒಂದು ದಿನ ಕೆಳಗೆ ಇಳಿದವನು ಮೇಲೆ ಬರಲಿಲ್ಲ. ಸೊಂಟಕ್ಕೆ ಕಟ್ಟಿದ ಹಗ್ಗ ಬಂತು, ಅವನು ಬರಲಿಲ್ಲ. ಎಷ್ಟು ಹುಡುಕಿದರೂ ದೇಹ ಸಿಗಲಿಲ್ಲ.

ನನ್ನ ಹೆಂಡತಿ ನಮ್ಮ ಮನೆಯ ಮುಂದಿನ ಕೋಣೆ ಖಾಲಿ ಮಾಡಿ, ನಾದಿನಿಯ ಹೊಲಿಗೆ ಮೆಷಿನ್ನಿಗೆ ಕಿಟಕಿಯ ಪಕ್ಕ ಜಾಗ ಮಾಡಿ ಕಾದದ್ದೇ ಬಂತು. ಜಪ್ಪಯ್ಯ ಅಂದರೂ ತಂಗಿ ತನ್ನ ಮನೆ ಬಿಡಲಿಲ್ಲ. "ಅವರು ಬಂದಾಗ ಬಾಗಿಲು ತೆಗೆಯೋರು ಯಾರು?" ಎನ್ನುತ್ತಿದ್ದಳು. ಹೊಲಿಯುತ್ತಿದ್ದಳು, ಸರಿಯಾಗಿ ಉಣ್ಣುತ್ತಿರಲಿಲ್ಲ, ದಿನದಿನಕ್ಕೆ ಕಡ್ಡಿಯಾಗುತ್ತಿದ್ದಳು. ಅವಳನ್ನು ಹೇಗಾದರೂ ನನ್ನ ಮನೆಗೆ ಕರೆತರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಟ್ಯಾಂಕ್ ಅಂದಾಗ, ಮನಸ್ಸು ಸ್ವಲ್ಪ ಬೇರೆ ಕಡೆ ತಿರುಗಲಿ, ನೀರು ಪರೀಕ್ಷೆ ಮಾಡುವ ನೆಪದಲ್ಲಿ ನಾನೂ ಹೋಗಿ ಬರಬಹುದು ಎಂದುಕೊಂಡೆ.

ಸಮುದ್ರದ ಉಪ್ಪಿನ ಚೀಲ ಹೊತ್ತುಕೊಂಡು ಹೋದರೆ ಟ್ಯಾಂಕಿನಲ್ಲಿ ಆಗಲೇ ನೀರಿತ್ತು. ಬಂದರಿನಿಂದ, ಅವನು ಇಳಿದ ಕಟ್ಟೆಯಿಂದಲೇ, ಕ್ಯಾನುಗಳಲ್ಲಿ ತಾನೇ ಹೊತ್ತು ತಂದಿದ್ದಳು.

"ತಲೆ ಕೆಟ್ಟಿದ್ಯಾ ನಿಂಗೆ? ಅದ್ರಲ್ಲಿ ಎಣ್ಣೆ, ಕೊಳೆ, ಊರಿನ ಹೊಲಸೆಲ್ಲ ಇರುತ್ತೆ."

"ಇರ್ಲಿ ಬಿಡು. ಸೋಸಿದೀನಿ."

ಹೊಸ ನೀರು ಪಳಗಬೇಕು ಎನ್ನುತ್ತೇವೆ ನಮ್ಮ ಕಸುಬಿನಲ್ಲಿ. ಜೀವ ಇದ್ದಲ್ಲಿ ಹೊಲಸೂ ಇರುತ್ತದೆ, ಅದರಿಂದ ಅಮೋನಿಯಾ ಏಳುತ್ತದೆ. ಅದನ್ನು ತಿಂದು ಮುಗಿಸುವ, ಕಣ್ಣಿಗೆ ಕಾಣದ ಜೀವಿಗಳು ಕಲ್ಲು ಮರಳಿನಲ್ಲಿ ನೆಲೆಯೂರುವವರೆಗೆ ನೀರು ಎಷ್ಟೇ ತಿಳಿಯಾಗಿ ಕಂಡರೂ ವಿಷವೇ. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧಿಯ ಹನಿ ಬಿಡಬೇಕು. ಹಳದಿ ಬಂದರೆ ಕ್ಷೇಮ, ಹಸಿರಾದರೆ ಅಪಾಯ. ಮೊದಲ ಸಲ ಹಸಿರು ಬಂತು. ಬಂದರಿನ ನೀರಲ್ಲವೇ, ವಿಶೇಷವೇನಿಲ್ಲ ಎಂದುಕೊಂಡೆ. ಆದರೆ ವಾರ ವಾರಕ್ಕೂ ಹಸಿರು ಗಾಢವಾಗುತ್ತಾ ಹೋಯಿತು. ಟ್ಯಾಂಕಿನಲ್ಲಿ ಮೀನಿಲ್ಲ, ಹುಳುವಿಲ್ಲ. ಆದರೂ ಏನೋ ಅದರೊಳಗೆ ಇದ್ದುಕೊಂಡು ದಿನಾ ನೀರು ಕೆಡಿಸುತ್ತಿತ್ತು.

"ಒಂದು ಭಾಗ ತೆಗೆದು ಚೆಲ್ಬೇಕು, ಹೊಸದು ಹಾಕ್ಬೇಕು. ಇಲ್ದಿದ್ರೆ ಸರಿಹೋಗಲ್ಲ" ಎಂದೆ.

ಅವಳು ಮೆಷಿನ್ನಿನಿಂದ ತಲೆ ಎತ್ತಲಿಲ್ಲ. "ಯಾವ ಭಾಗ ಚೆಲ್ತೀಯ? ಕೈನಾ, ಕಾಲಾ?"

ನಾನು ಕೊಳವೆಗಳನ್ನು ತೊಳೆದಿಟ್ಟು ಬಂದೆ.

ಆಮೇಲೆ ಶುರುವಾಯಿತು ಇನ್ನೊಂದು. ಯಾವ ಟ್ಯಾಂಕಿನಲ್ಲಾದರೂ ನೀರು ಆವಿಯಾಗಿ ಇಳಿಯುತ್ತದೆ, ಉಪ್ಪು ಉಳಿಯುತ್ತದೆ. ಅದಕ್ಕೇ ಆಗಾಗ ಸಿಹಿನೀರು ಸೇರಿಸಬೇಕು. ಇವಳ ಟ್ಯಾಂಕಿನಲ್ಲಿ ನೀರು ಏರುತ್ತಿತ್ತು. ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿಗೆ ಟೇಪು ಅಂಟಿಸಿ ಹೋದೆ. ಮತ್ತೆ ಬಂದಾಗ ನೀರು ಟೇಪು ದಾಟಿತ್ತು. ನಲ್ಲಿ ನೀರು ಸುರಿದು ಆಟ ಆಡುತ್ತಿದ್ದಾಳೆಂದು ರೇಗಿ ಉಪ್ಪಿನಂಶ ಅಳೆದೆ. ಸಿಹಿನೀರು ಬೆರೆತಿದ್ದರೆ ಉಪ್ಪು ಇಳಿಯಲೇಬೇಕು. ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಕ್ಯಾನುಗಳು ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದವು.

ನನ್ನ ಹೆಂಡತಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಅವಳನ್ನು ಎರಡು ದಿನ ನಮ್ಮ ಮನೆಗೆ ಕರೆತಂದೆ. ಅವಳ ಬಾಗಿಲಿಗೆ ನನ್ನದೇ ಬೀಗ ಜಡಿದು ಕೀಲಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅವಳ ಜೊತೆ ವಾಪಸು ಬಂದು ಬೀಗ ತೆಗೆದು ನೋಡಿದರೆ ನೀರು ಇನ್ನಷ್ಟು ಮೇಲೆ ಬಂದಿತ್ತು. ಹನಿ ಹಾಕಿದೆ. ಕೊಳವೆ ಹಳದಿಯಾಯಿತು. ನೀರು ಪಳಗಿತ್ತು, ಇನ್ನು ಅದರಲ್ಲಿ ಏನು ಬೇಕಾದರೂ ಬದುಕಬಹುದಿತ್ತು. ನಾನು ಕೊಳವೆಯನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿಯುತ್ತಿದ್ದದ್ದನ್ನು ಅವಳು ನೋಡಿದಳು.

"ಹೆದರ್ಕೋಬೇಡ ಅಣ್ಣ. ಒಂದೇ ಸಲಕ್ಕೆ ಬರೋಕಾಗುತ್ತಾ, ಸ್ವಲ್ಪ ಸ್ವಲ್ಪವಾಗಿ ಬರ್ತಿದಾರೆ. ನೀರು ಅಂಚು ಮುಟ್ಟಿದ ದಿನ ನಾನೂ ಅವರ ಜೊತೆ ಹೊರಟುಬಿಡ್ತೀನಿ."

"ಎಲ್ಲಿಗೆ?"

"ಅವರು ಎಲ್ಲಿದ್ದಾರೋ ಅಲ್ಲಿಗೆ."

ನನಗಿರುವುದು ಒಬ್ಬಳೇ ತಂಗಿ. ನೀರು ಅಂಚಿನ ಹತ್ತಿರಕ್ಕೆ ಬಂದಿರುವುದು ಕಣ್ಣಿಗೆ ಕಾಣುತ್ತಿತ್ತು. ಮಾರನೆಯ ಮಧ್ಯಾಹ್ನವೇ ಪೈಪು ತೆಗೆದುಕೊಂಡು ಹೋದೆ. ಒಂದು ತುದಿಯನ್ನು ಟ್ಯಾಂಕಿಗೆ ಇಳಿಬಿಟ್ಟು ಇನ್ನೊಂದನ್ನು ಬಚ್ಚಲಿಗೆ ಎಳೆದೆ. ಅಡ್ಡ ಬಂದಾಳು, ಕೈ ಹಿಡಿದಾಳು ಎಂದುಕೊಂಡಿದ್ದೆ. ಅವಳು ಯಾರದೋ ಲಂಗಕ್ಕೆ ಅಂಚು ಹೊಲಿಯುತ್ತಾ ಸುಮ್ಮನೆ ಕೂತಿದ್ದಳು.

ಪೈಪನ್ನು ಬಾಯಿಗಿಟ್ಟು ಒಮ್ಮೆ ಉಸಿರೆಳೆದರೆ ನೀರು ಹರಿಯಲು ಶುರುವಾಗುತ್ತದೆ. ಅದು ಬಾಯಿಗೆ ಬರುವಷ್ಟರಲ್ಲಿ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಸಾವಿರ ಸಲ ಮಾಡಿದ್ದೇನೆ. ಅವತ್ತು ನಾನು ಎಳೆಯುವ ಮೊದಲೇ ಅದು ಬಂತು. ಬಾಯಿ ತುಂಬ ಬಂತು, ಮೈಬಿಸಿಯಷ್ಟು ಬೆಚ್ಚಗಿತ್ತು. ಉಗುಳಲು ಬಗ್ಗಿದೆ. ಗಂಟಲು ತಾನಾಗಿಯೇ ನುಂಗಿತು.

ಉಳಿದದ್ದೆಲ್ಲ ಬಚ್ಚಲಿಗೆ ಹರಿದುಹೋಯಿತು. ತಳದಲ್ಲಿ ಮರಳು ಕಂಡಿತು, ನಾನಿಟ್ಟ ಕಲ್ಲುಗಳು ಕಂಡವು, ಬೇರೇನೂ ಇರಲಿಲ್ಲ. ನಿರಾಳವಾಯಿತು, ಅದರ ಹಿಂದೆಯೇ ನಾಚಿಕೆಯೂ ಆಯಿತು. ಅವಳು ಬಾಯಿಗೆ ಬಂದ ಹಾಗೆ ಬೈಯಲಿ ಎಂದು ಕಾದು ನಿಂತೆ.

ಮೆಷಿನ್ ನಿಂತಿತು. "ನುಂಗಿದ್ಯಾ ಅಣ್ಣ?"

"ಒಂದು ಗುಟುಕು. ಏನಾಗಲ್ಲ ಬಿಡು."

ಅವಳು ಎದ್ದು ಬಂದು ನನ್ನ ಎದೆಯ ಮೇಲೆ ಅಂಗೈ ಇಟ್ಟಳು. ಬಾಗಿಲಾಚೆಯ ಮಾತಿಗೆ ಕಿವಿಗೊಡುವವರಂತೆ ತಲೆ ವಾಲಿಸಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ನಕ್ಕಳು. ಅವಳ ನಗು ಕಂಡು ಎಷ್ಟು ತಿಂಗಳಾಗಿತ್ತೋ.

"ನಡಿ, ನಿಮ್ಮನೇಗೇ ಬರ್ತೀನಿ. ಇನ್ನು ಇಲ್ಲಿ ಯಾಕಿರ್ಲಿ."

ಇಷ್ಟು ದಿನ ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಬೇಡಿಕೊಂಡಿದ್ದೆ. ಈಗ ಅವಳೇ ಬಟ್ಟೆ ಮಡಚಿ ಚೀಲಕ್ಕೆ ತುಂಬಿಕೊಂಡಳು, ದೀಪ ಆರಿಸಿದಳು, ಬೀಗ ಹಾಕಿದಳು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿ ಬಂತು. ಮೆಟ್ಟಿಲ ಹತ್ತಿರ ಅವಳು ನನ್ನ ತೋಳು ಹಿಡಿದುಕೊಂಡಳು. ನನ್ನ ಮುಖ ನೋಡಲಿಲ್ಲ, ಎದೆಯ ಕಡೆಗೇ ನೋಡುತ್ತಿದ್ದಳು.

"ನಿಧಾನ ಕಣ್ರೀ" ಎಂದಳು, "ಇಲ್ಲಿ ಮೆಟ್ಟಿಲು ಕಡಿದಾಗಿದೆ."

ಅವಳು ಹೇಳಿದ್ದು ನನಗಲ್ಲ ಎಂದು ಗೊತ್ತಿತ್ತು, ಅದಕ್ಕೇ ಬಾಯಿ ಬಿಗಿಹಿಡಿದುಕೊಂಡು ಸುಮ್ಮನೆ ಕಾಲಿಟ್ಟೆ. ಆದರೂ "ಹೂಂ" ಎಂದದ್ದು ನನ್ನ ಗಂಟಲೇ.