ಎಣ್ಣೆ ಒಲ್ಲದ ಬುಷ್

ನಾನು ಒಂದು ಟೇಪರ್ ಬುಷ್. ಹೆಸರು ಕೇಳಿ ಹುಬ್ಬು ಗಂಟಿಕ್ಕಬೇಡಿ. ಜನರಿಗೆ ಪುಲ್ಲಿ ಗೊತ್ತು, ಬೆಲ್ಟು ಗೊತ್ತು, ಮೋಟಾರಂತೂ ಎಲ್ಲರಿಗೂ ಗೊತ್ತು. ಇವುಗಳ ನಡುವೆ ಹುದುಗಿ ಕುಳಿತ ನನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಎರಕವಾಗಿ, ಲೇತ್ ಮೇಲೆ ಮೈ ಕೊರೆಸಿಕೊಂಡು ಹುಟ್ಟಿದವನು ನಾನು. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ, ಪಕ್ಕದಲ್ಲಿ ಉದ್ದಕ್ಕೂ ಒಂದು ಸೀಳು. ಸೀಳಿದೆ ಎಂದು ಒಡೆದ ಮಾಲು ಅಂದುಕೊಳ್ಳಬೇಡಿ. ನನ್ನ ಕೆಲಸವೆಲ್ಲ ನಡೆಯುವುದು ಆ ಸೀಳಿನಿಂದಲೇ.

ತಿರುಗುವ ಶಾಫ್ಟನ್ನು ನನ್ನ ಹೊಟ್ಟೆಯೊಳಗೆ ತೂರಿಸುತ್ತಾರೆ, ನನ್ನ ಮೇಲೆ ಪುಲ್ಲಿ ಏರಿಸುತ್ತಾರೆ. ಸ್ಕ್ರೂ ಬಿಗಿದ ಹಾಗೆಲ್ಲ ನಾನು ಪುಲ್ಲಿಯ ಇಕ್ಕಟ್ಟಿನೊಳಗೆ ಸರಿಯುತ್ತೇನೆ, ಸೀಳು ಕಿರಿದಾಗುತ್ತದೆ, ಶಾಫ್ಟನ್ನು ಗಟ್ಟಿಯಾಗಿ ಅಪ್ಪಿ ಹಿಡಿಯುತ್ತೇನೆ. ಇದಕ್ಕೆ ನನ್ನದು ಒಂದೇ ಕರಾರು: ಮೈ ಒಣಗಿರಬೇಕು. ಎಣ್ಣೆ ಹಚ್ಚಿದರೋ, ನಿಲ್ಲಬೇಕಾದಲ್ಲಿ ನಿಲ್ಲದೆ ಒಳಗೆ ಜಾರುತ್ತೇನೆ, ದಿಮ್ಮಿಗೆ ಬಡಿದ ಬೆಣೆಯ ಹಾಗೆ ಪುಲ್ಲಿಯನ್ನೇ ಸೀಳುತ್ತೇನೆ. ಈ ಮಾತು ಬರೆದ ಚೀಟಿಯೊಂದು ನನ್ನ ಡಬ್ಬಿಯಲ್ಲಿತ್ತು. ಹುಬ್ಬಳ್ಳಿಯ ಅಂಗಡಿಯಲ್ಲಿ ಯಾರೋ ಅದರಿಂದ ಕೈ ಒರೆಸಿಕೊಂಡು ಬಿಸಾಕಿದರು.

ಅಲ್ಲಿಂದ ನಾನು ಬಂದದ್ದು ಬ್ಯಾಡಗಿಯ ಹೊರಗಿನ ಒಂದು ಖಾರದ ಪುಡಿ ಮಿಲ್ಲಿಗೆ. ಕಬ್ಬಿಣದ ಒನಕೆಗಳು ಸಾಲಾಗಿ ಎದ್ದೆದ್ದು ಬಿದ್ದು ಮೆಣಸಿನಕಾಯಿ ಕುಟ್ಟುವ ಮಿಷನ್ ಅದು. ಅಂಗಡಿಯ ಕಡೆಯ ಮನುಷ್ಯನೇ ಬಂದು, ಒಣಬಟ್ಟೆಯಿಂದ ಒರೆಸಿ, ನನ್ನನ್ನು ಅದರ ಶಾಫ್ಟಿಗೆ ಕೂರಿಸಿ ಹೋದ. ಮಿಷನ್ನಿಗೆ ಕಾಯಿ ಸುರಿಯುವವಳು ಫಕ್ಕೀರವ್ವ. ಮೂಗು ಬಾಯಿಗೆ ಬಟ್ಟೆ ಬಿಗಿದು ನಿಂತರೆ, ಒನಕೆಯ ಸದ್ದು ಕೇಳಿಯೇ ಎಷ್ಟು ಸುರಿಯಬೇಕೆಂದು ಅವಳಿಗೆ ತಿಳಿಯುತ್ತಿತ್ತು. ಉಳಿದ ಮೂವತ್ತು ಹೆಂಗಸರು ಅಂಗಳದಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುವವರು. ಮಿಷನ್ ಹತ್ತಿರ ನಿಲ್ಲುವ ಹೆಣ್ಣು ಅವಳೊಬ್ಬಳೇ. ಆ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು. ನನಗೂ ಅವಳೆಂದರೆ ಇಷ್ಟ.

ಮಿಷನ್ ನೋಡಿಕೊಳ್ಳುವವನು ಕಾಳಪ್ಪ ಮೇಸ್ತ್ರಿ. ಅವನ ಅಪ್ಪ, ಅಜ್ಜ ಚಕ್ಕಡಿ ಗಾಡಿ ಮಾಡುತ್ತಿದ್ದವರು. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಬಳಿಯುವುದೇ ಅವನು ಕಲಿತ ಮೊದಲ ವಿದ್ಯೆ. ಕಬ್ಬಿಣಕ್ಕೆ ಕಬ್ಬಿಣ ತಾಗುವ ಕಡೆ ಎಣ್ಣೆ ಇಲ್ಲದಿದ್ದರೆ ಅವನಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಬಾಗಿಲ ಕೀಲು, ತಕ್ಕಡಿ, ಸೈಕಲ್ಲು ಯಾವುದನ್ನೂ ಬಿಟ್ಟವನಲ್ಲ. ಒಮ್ಮೆ ಮಿಲ್ಲಿನ ಮಾಲೀಕರಾದ ಚೆನ್ನವೀರಪ್ಪ ಸಾವ್ಕಾರರ ಕನ್ನಡಕದ ಕೀಲಿಗೂ ಹಚ್ಚಿ ಬೈಸಿಕೊಂಡಿದ್ದ.

ಒಂದು ವರ್ಷ ಸುಖವಾಗಿ ಕಳೆಯಿತು. ಬನ್ನಿಹಬ್ಬದ ಮುಂಚೆ, ಆಯುಧ ಯಂತ್ರಗಳಿಗೆ ಪೂಜೆ ಮಾಡುವ ಖಂಡೇಪೂಜೆ ಬಂತು. ಪೂಜೆಗೆಂದು ಕಾಳಪ್ಪ ಮಿಷನ್ ಪೂರಾ ಬಿಚ್ಚಿ, ಒಂದೊಂದು ಭಾಗವನ್ನೂ ತೊಳೆದ. ನನ್ನನ್ನು ಅಂಗೈ ಮೇಲಿಟ್ಟುಕೊಂಡು, ಎಳೆಗೂಸಿಗೆ ಹಚ್ಚುವ ಹಾಗೆ ಒಳಗೂ ಹೊರಗೂ ಎಣ್ಣೆ ತಿಕ್ಕಿದ. ಅವನ ಪ್ರೀತಿ ನೋಡಿದರೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲಿಲ್ಲ. ಆದರೆ ಮುಂದೇನಾಗುತ್ತದೆ ಎಂದು ನನಗೆ ಗೊತ್ತಿತ್ತು.

ಎಂಟನೆಯ ದಿನ ಮಧ್ಯಾಹ್ನ ಪುಲ್ಲಿ ಒಡೆಯಿತು. ಒಂದು ಚೂರು ಫಕ್ಕೀರವ್ವನ ತಲೆಯಿಂದ ಗೇಣು ದೂರದಲ್ಲಿ ಹಾರಿಹೋಗಿ ಗೋಡೆಯ ಗಾರೆ ಉದುರಿಸಿತು. ಸಾವ್ಕಾರರು ಓಡಿಬಂದರು.

"ಕಾಯಿ ಒಮ್ಮೆಲೇ ಸುರದಾಳ್ರಿ. ಪುಲ್ಲಿ ತಡೀಲಿಲ್ಲ," ಎಂದ ಕಾಳಪ್ಪ. ಬೇಕೆಂದು ಹೇಳಿದ ಸುಳ್ಳಲ್ಲ. ಅವನು ನಿಜವಾಗಿ ಹಾಗೇ ತಿಳಿದಿದ್ದ.

"ಇಲ್ರಿ ಸಾವ್ಕಾರ್ರ, ದಿನಾ ಹಾಕೋವಷ್ಟ ಹಾಕೀನ್ರಿ," ಎಂದಳು ಫಕ್ಕೀರವ್ವ.

"ಮೇಸ್ತ್ರಿಗೆ ತಿಳಿಯೂದಿಲ್ಲೇನವ್ವ?" ಎಂದರು ಸಾವ್ಕಾರರು. ಮಾತು ಅಲ್ಲಿಗೇ ಮುಗಿಯಿತು.

ಮರುದಿನ ಅವಳು ತೊಟ್ಟು ಬಿಡಿಸುವವರ ಸಾಲಿಗೆ ಹೋದಳು. ಅಲ್ಲಿಯವರು ಸುಮ್ಮನೆ ಬಿಟ್ಟಾರೆಯೇ? "ಬಾರವ್ವ ಇಂಜಿನೇರಬಾಯಿ, ಇಲ್ಲಿ ಒಡಿಯೂವಂಥಾದ್ದು ಏನೂ ಇಲ್ಲ," ಎಂದು ಒಬ್ಬಳು ಜಾಗ ಮಾಡಿಕೊಟ್ಟಳು. ಎಲ್ಲರೂ ನಕ್ಕರು. ಫಕ್ಕೀರವ್ವ ತಲೆ ಎತ್ತಲಿಲ್ಲ.

ಹೊಸ ಪುಲ್ಲಿ ಬಂತು. ನನಗೆ ಮತ್ತೆ ಎಣ್ಣೆಸ್ನಾನ. ಈ ಸಲ ಕಾಯಿ ಸುರಿಯಲು ಕಾಳಪ್ಪ ತಾನೇ ನಿಂತ. ಅರ್ಧರ್ಧ ಬುಟ್ಟಿ, ಬಹಳ ಹುಷಾರಾಗಿ. ಇಪ್ಪತ್ತು ದಿನಕ್ಕೆ ಅದೂ ಒಡೆಯಿತು. ಆಗ ಅವನು ನನ್ನನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಕುಳಿತ. ಮೈ ಮೇಲೆ ಹೆಬ್ಬೆರಳು ಎಳೆದು ನೋಡಿದ, ಜಾರಿತು. ಅಂಗಡಿಯವನು ಕೂರಿಸಿದಾಗ ನನ್ನ ಮುಖ ಪುಲ್ಲಿಯ ಮುಖಕ್ಕೆ ಸಮನಾಗಿತ್ತು. ತಾನು ಕೂರಿಸಿದಾಗ ಎರಡು ಕಾಳಿನಷ್ಟು ಒಳಗೆ ಹೋಗಿತ್ತು. ಜಾಣ ಮನುಷ್ಯ, ಎರಡನ್ನೂ ಕೂಡಿಸಿ ನೋಡಿದ. ಅವನ ಮುಖದ ಕಳೆಯೇ ಇಳಿದುಹೋಯಿತು.

ಸಾವ್ಕಾರರಿಗೆ ಮಾತ್ರ, "ಈ ಪುಲ್ಲಿ ಎರಕನ ಸರಿ ಇರಲಿಲ್ರಿ," ಎಂದು ಫೌಂಡ್ರಿಯ ಮೇಲೆ ಗೂಬೆ ಕೂರಿಸಿದ. ಮೂರನೆಯ ಪುಲ್ಲಿ ಬಂದಾಗ ಬಾಗಿಲು ಮುಂದೆ ಮಾಡಿ, ಹೆಗಲ ಟವೆಲ್ಲಿನಿಂದ ನನ್ನನ್ನು ಒರೆಸಿ ಒರೆಸಿ ಒಣಗಿಸಿ ಕೂರಿಸಿದ. ಆಮೇಲೆ ಮಿಷನ್ನಿಗೆ ಒಂದು ದಿನವೂ ಕೇಡು ಬರಲಿಲ್ಲ. ಕಾಳಪ್ಪನ ಕೈಗುಣ ಎಂದು ಸಾವ್ಕಾರರು ಹೊಗಳಿದರೆ ಅವನು ತಲೆ ತಗ್ಗಿಸುತ್ತಿದ್ದ. ಜನ ಅದನ್ನು ವಿನಯ ಅಂದುಕೊಂಡರು.

ಯುಗಾದಿಯ ಹೊತ್ತಿಗೆ ಸಾವ್ಕಾರರು ಒಂದು ದಿನ ಮಿಷನ್ ಹತ್ತಿರ ಬಂದು, "ಫಕ್ಕೀರವ್ವ ಮತ್ತ ಇಲ್ಲಿಗೆ ಬರ್ತೀನಿ ಅಂತಾಳಪ್ಪ. ಏನಂತಿ?" ಎಂದು ಕೇಳಿದರು.

ಕಾಳಪ್ಪ ಬೆಲ್ಟಿನ ಕಡೆ ನೋಡುತ್ತ, "ಸದ್ಯ ಬ್ಯಾಡ್ರಿ," ಎಂದ.

ಯಾಕೆ ಬೇಡವೆಂದನೋ ನನಗೆ ಗೊತ್ತು. ಅವಳು ಬಂದು ಎಂದಿನಂತೆ ಸುರಿದು, ಪುಲ್ಲಿ ಒಡೆಯದೇ ಹೋದರೆ, ಹಾಗಾದರೆ ಮೊದಲು ಒಡೆದದ್ದು ಯಾಕೆ ಎಂದು ಜನ ಕೇಳುತ್ತಾರೆ. ಇಪ್ಪತ್ತೈದು ವರ್ಷದಿಂದ ಗಳಿಸಿದ ಹೆಸರು ಅವನದು. ಅದು ಉಳಿಯಬೇಕಾದರೆ ಅವಳ ಹೆಸರು ಕೆಟ್ಟೇ ಇರಬೇಕಿತ್ತು. ಆ ದಿನ ನನಗೆ ಅವನ ಮೇಲೆ ಅಸಹ್ಯವಾಯಿತು. ದಿನವೂ ಅವಳು ಬುಟ್ಟಿ ಹೊತ್ತು ಬಾಗಿಲ ಮುಂದೆ ಹಾಯುವಾಗ ಒಂದು ಗಳಿಗೆ ನಿಂತು ಒನಕೆಯ ಸದ್ದು ಕೇಳಿಸಿಕೊಂಡು ಹೋಗುತ್ತಿದ್ದಳು. ಅಷ್ಟು ಹೊತ್ತು ಅವನು ಇತ್ತ ತಿರುಗಿ ಏನಾದರೊಂದು ಒರೆಸುತ್ತಿದ್ದ.

ಮತ್ತೆ ಖಂಡೇಪೂಜೆ ಬಂತು. ಮಿಷನ್ ಬಿಚ್ಚಿ ಹರವಿಕೊಂಡು, ನನ್ನನ್ನು ಕೈಯಲ್ಲಿ ಹಿಡಿದು ಕಾಳಪ್ಪ ಕುಳಿತಿದ್ದಾಗ ಫಕ್ಕೀರವ್ವ ಒಳಗೆ ಬಂದಳು.

"ಮೇಸ್ತ್ರಿ, ಒಂದ ಮಾತು ಕೇಳ್ತೀನ್ರಿ. ನಾ ಎಲ್ಲಿ ತಪ್ಪಿದೆ ಅಂತ ಹೇಳಿಕೊಡ್ರಿ. ನನ್ನ ಕೈನ ಬಿರುಸು ಇರಬೇಕು. ತಿದ್ದಿಕೋತೀನಿ."

ದಿನಾ ಹಾಕುವಷ್ಟೇ ಹಾಕಿದ್ದೇನೆ ಎಂದು ಗಟ್ಟಿಯಾಗಿ ಹೇಳಿದ್ದ ಹೆಂಗಸು ಅವಳು. ಒಂದು ವರ್ಷದಲ್ಲಿ ತನ್ನ ಕೈಯನ್ನೇ ನಂಬದ ಹಾಗಾಗಿದ್ದಳು. ಕಾಳಪ್ಪನ ಹಿಡಿತ ನನ್ನ ಮೇಲೆ ಬಿಗಿಯಾಯಿತು.

"ನಿನ್ನ ಕೈ ಸರಿ ಐತೆವ್ವ," ಎಂದ. "ಇದಕ್ಕ ಎಣ್ಣಿ ಹಚ್ಚಬಾರದಾಗಿತ್ತು. ಹಚ್ಚಿದಾಂವ ನಾನು. ಎರಡೂ ಸಲ."

"ನಿಮಗ ಯಾವಾಗ ತಿಳೀತ್ರಿ?"

"ಹೋದ ದೀಪಾವಳಿ ಮುಗಿದ ಕೂಡ್ಲೆ ತಿಳಿದಿತ್ತು."

ಅವಳ ಕಣ್ಣು ತುಂಬಿದವು. ಖಾರಕ್ಕಲ್ಲ, ಮಿಷನ್ ನಿಂತಿತ್ತು. ಕಣ್ಣೊರೆಸಿಕೊಂಡು, "ನನ್ನೊಬ್ಬಾಕಿ ಮುಂದ ಹೇಳಿದ್ರ ಏನ್ ಬಂತ್ರಿ? ನಾ ವರ್ಷಾನಗಟ್ಲೆ ಕುಂತ ಜಾಗಾಕ್ಕ ಬಂದು ಹೇಳ್ರಿ," ಎಂದಳು.

ಅವನು ಎದ್ದ. ನನ್ನನ್ನು ಹಿಡಿದುಕೊಂಡೇ ಅಂಗಳಕ್ಕೆ ಬಂದು, ಆ ಮೂವತ್ತು ಹೆಂಗಸರ ಮುಂದೆ, ಸಾವ್ಕಾರರ ಮುಂದೆ, ಎಲ್ಲವನ್ನೂ ಹೇಳಿದ. "ಹೋಗ್ಲಿ ಬಿಡಪ್ಪ, ಹಬ್ಬದ ದಿನ ಅದೇನು ದೊಡ್ಡದು," ಎಂದರು ಸಾವ್ಕಾರರು.

"ನಿಮಗ ದೊಡ್ಡದಲ್ರಿ," ಎಂದಳು ಫಕ್ಕೀರವ್ವ. ಯಾರೂ ನಗಲಿಲ್ಲ. ಅವಳು ಕಾಳಪ್ಪನ ಕೈಯಿಂದ ನನ್ನನ್ನು ತೆಗೆದುಕೊಂಡು, ಸೆರಗಿನಿಂದ ಒಳಗೂ ಹೊರಗೂ ಒರೆಸಿ, "ಕೂರಸ್ರಿ," ಎಂದು ತಿರುಗಿ ಕೊಟ್ಟಳು. ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ತನ್ನ ಜಾಗದಲ್ಲಿ ನಿಂತಳು.

ಇನ್ನೂ ಏಳು ವರ್ಷ ದುಡಿದೆ. ಆಮೇಲೆ ಮಿಲ್ಲಿಗೆ ಹೊಸ ಯಂತ್ರ ಬಂತು. ಹಾವೇರಿ ರಸ್ತೆಯ ಈ ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ಇಂದೋ ನಾಳೆಯೋ ಕರಗಿಸುತ್ತಾರಂತೆ. ಅದರ ಭಯವಿಲ್ಲ, ಬೆಂಕಿಯಿಂದಲೇ ಬಂದವನು. ಇಲ್ಲಿ ಬಿದ್ದು ಯೋಚಿಸುವುದು ಆ ಒಂದು ವರ್ಷವನ್ನೇ. ನನಗೆ ಮಾತು ಬರುವಂತಿದ್ದರೆ ಮೊದಲ ದಿನವೇ ಹೇಳಿಬಿಡುತ್ತಿದ್ದೆ ಎಂದು ಬಹಳ ದಿನ ಜಂಬಪಟ್ಟುಕೊಂಡಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ಕಾಳಪ್ಪ ಕೆಟ್ಟವನಾಗಿರಲಿಲ್ಲ, ಮಾತೂ ಬರುತ್ತಿತ್ತು, ಆದರೂ ಅವನಿಗೆ ಹನ್ನೊಂದು ತಿಂಗಳು ಬೇಕಾಯಿತು. ಪುಲ್ಲಿ ಸೀಳಿದವನು ನಾನು. ನನಗೆ ಎಷ್ಟು ತಿಂಗಳು ಬೇಕಾಗುತ್ತಿತ್ತೋ.