ಎತ್ತರಿಸಿದ ಮಂಚ

ಟೊಮೆಟೊ ಗಿಡದ ಅಂಟು ಕೈಗೆ ಹತ್ತಿದರೆ ಸೋಪಿಗೆ ಜಗ್ಗುವುದಿಲ್ಲ. ಬೆಳಿಗ್ಗೆ ಹಸಿರಾಗಿದ್ದದ್ದು ಸಂಜೆ ಹೊತ್ತಿಗೆ ಕಪ್ಪಾಗಿ ಉಗುರಿನ ಸಂದಿಯಲ್ಲಿ ಕೂತುಬಿಡುತ್ತದೆ. ಎಳೆಗಾಯಿಯೊಂದನ್ನು ಕಿವುಚಿ ಅದರ ರಸದಲ್ಲೇ ತಿಕ್ಕಬೇಕು, ಆಗ ಒಂದಿಷ್ಟು ಬಿಡುತ್ತದೆ. ಕಿಂಗಾ ಈಗೀಗ ದಿನವೂ ಜೇಬಿನಲ್ಲಿ ಕಾಯಿ ಹಾಕಿಕೊಂಡು ಬರುತ್ತಿದ್ದಳು. ಅಡುಗೆಮನೆಯ ನಲ್ಲಿಯ ಮುಂದೆ ನಿಂತು ಕೈ ಕೆಂಪಾಗುವವರೆಗೆ ತಿಕ್ಕುತ್ತಿದ್ದಳು.

"ಚರ್ಮ ಕಿತ್ಕೊಂಡ್ಬಂದೀತು, ಬಿಡೇ," ಎಂದಳು ಯಾದ್ವಿಗಾ. ಅದೇ ಕೋಣೆಯಲ್ಲಿ ಪಕ್ಕದ ಮಂಚದವಳು. ಅರವತ್ತರ ಹತ್ತಿರದ ಹೆಂಗಸು. ಮನೆಯಲ್ಲಿದ್ದವರೆಲ್ಲ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು.

"ಈ ಕೈಯಲ್ಲಿ ಮಗು ಮುಟ್ಲಾ ದೊಡ್ಡಮ್ಮ?"

"ಮೆಲ್ಲಗೆ ಮಾತಾಡು. ಇಲ್ಲಿ ಗೋಡೆಯೆಲ್ಲ ರಟ್ಟು."

ಹಾಲೆಂಡಿನ ಆ ಮನೆ ಏಜೆನ್ಸಿಯದು. ಕೆಲಸ ಕೊಡುವವರೂ ಅವರೇ, ಮಲಗಲು ಮಂಚ ಕೊಡುವವರೂ ಅವರೇ, ಬೆಳಿಗ್ಗೆ ವ್ಯಾನಿನಲ್ಲಿ ತಂಡ ತಂಡವಾಗಿ ಟೊಮೆಟೊ ಬೆಳೆಯುವ ಗಾಜಿನ ಮನೆಗೆ ಒಯ್ದು ಬಿಡುವವರೂ ಅವರೇ. ಪೋಲೆಂಡಿನಿಂದ ಬಂದ ಮೂವತ್ತು ಜನ ಅಲ್ಲಿದ್ದರು. ಕೆಳಗೆ ಹೆಂಗಸರು, ಮೇಲೆ ಗಂಡಸರು. ಬಾಗಿಲ ಹಿಂದೆ ನಿಯಮಗಳ ಹಾಳೆ ಅಂಟಿಸಿತ್ತು. ನಾಯಿ ಕೂಡದು, ಬೆಕ್ಕು ಕೂಡದು, ಮಗು ಕೂಡದು. ಮೂರೂ ಒಂದೇ ಸಾಲಿನಲ್ಲಿದ್ದವು.

ಕಿಂಗಾಗೆ ಏಳು ತಿಂಗಳು. ಮನೆಯಲ್ಲಿ ಅದು ಯಾದ್ವಿಗಾ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಯಾರೋ ದಪ್ಪ ಗಂಡಸು ಬಿಟ್ಟುಹೋದ ಮೇಲಂಗಿಯೊಳಗೆ ಹೊಟ್ಟೆಯನ್ನು ಅಡಗಿಸಿ ಅವಳು ಸುಡುವ ಗಾಜಿನ ಕೆಳಗೆ ತಳ್ಳುಗಾಡಿಯ ಮೇಲೆ ನಿಂತು ಗೊಂಚಲು ಕತ್ತರಿಸುತ್ತಿದ್ದಳು. ಮಗುವಿನ ಅಪ್ಪ ನಾರ್ವೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ. ಸುದ್ದಿ ಹೇಳಿದ ದಿನ ಫೋನಿನಲ್ಲಿ "ಯೋಚನೆ ಮಾಡೋಣ" ಅಂದವನು ಇನ್ನೂ ಯೋಚಿಸುತ್ತಲೇ ಇದ್ದಾನೆ. ಪುಣ್ಯಾತ್ಮ.

ಹೆರಿಗೆ ರಜೆ ಸಿಗುವವರೆಗೆ ಕೆಲಸದಲ್ಲಿ ಉಳಿದುಬಿಟ್ಟರೆ ಸಾಕು, ಬಾಣಂತನದ ಸಂಬಳ ಬರುತ್ತಿತ್ತು. ಅದರಲ್ಲಿ ಎಲ್ಲಾದರೂ ಒಂದು ಕೋಣೆ ಹಿಡಿಯಬೇಕೆಂದು ಅವಳ ಲೆಕ್ಕ. ಇನ್ನೂ ಕೆಲವು ವಾರ ಯಾರ ಕಣ್ಣಿಗೂ ಬೀಳದಿದ್ದರೆ ಆಯಿತು.

ಅಷ್ಟರಲ್ಲಿ ಅವಳು ಅಭ್ಯಾಸ ಶುರು ಮಾಡಿದ್ದಳು. ಎಡಗೈಯಲ್ಲಿ ಆಲೂಗಡ್ಡೆಯ ಚೀಲವನ್ನು ಎದೆಗೊತ್ತಿ ಹಿಡಿದು, ಬಲಗೈ ಒಂದರಲ್ಲೇ ಬೀಟ್‌ರೂಟ್ ಸಾರು ಕಲಕುತ್ತಿದ್ದಳು. ಒಂದೇ ಕೈಯಲ್ಲಿ ಬೂಟಿನ ದಾರ ಕಟ್ಟುವುದನ್ನೂ ಕಲಿತಳು. ಬಾಗಿಲು ಬಡಿದ ಸದ್ದಾದರೆ, ಮಗು ಇದ್ದಿದ್ದರೆ ಈಗ ಎಚ್ಚರವಾಗುತ್ತಿತ್ತು ಎಂದುಕೊಳ್ಳುತ್ತಿದ್ದಳು. ಮೂವತ್ತು ಜನರಿರುವ ಮನೆಯಲ್ಲಿ ಬಾಗಿಲು ಬಡಿಯುತ್ತಲೇ ಇರುತ್ತದೆ. ಆ ಮಗು ನಿದ್ದೆಯನ್ನೇ ಮಾಡುವುದಿಲ್ಲವೇನೋ ಎಂದು ಅವಳಿಗೆ ದಿಗಿಲಾಗುತ್ತಿತ್ತು.

ಶನಿವಾರ ಅವಳು ಸೂಲಗಿತ್ತಿಯ ಬಳಿ ಹೋದಳು. ಹೆಸರು ಫೆನ್ನಾ, ಡಚ್ ಹೆಂಗಸು, ಒಳ್ಳೆಯವಳು. ಇಬ್ಬರದ್ದೂ ಅಲ್ಲದ ಮುರುಕು ಇಂಗ್ಲಿಷಿನಲ್ಲಿ ಮಾತು ನಡೆಯಿತು.

"ಮಗು ಬಂದ್ಮೇಲೆ ನಿಮ್ಮ ಜೀವನಾನೇ ಬೇರೆ ಆಗ್ಬಿಡುತ್ತೆ," ಎಂದಳು ಫೆನ್ನಾ. "ಈಗ್ಲೇ ಚೆನ್ನಾಗಿ ನಿದ್ದೆ ಮಾಡಿ. ಗಂಡನ ಜೊತೆ ಸಿನಿಮಾಕ್ಕೆ ಹೋಗಿ, ಊಟಕ್ಕೆ ಹೋಗಿ. ಆಮೇಲೆ ಪುರುಸೊತ್ತು ಸಿಗಲ್ಲ. ಮಗುವಿನ ಕೋಣೆಗೆ ಬಣ್ಣ ಹೊಡೆಸಿದ್ರಾ?"

ಕಿಂಗಾ ತಲೆಯಾಡಿಸಿದಳು. ಹೂಂ ಎಂದೋ ಉಹೂಂ ಎಂದೋ ಅವಳಿಗೇ ತಿಳಿಯಲಿಲ್ಲ.

"ಇನ್ನೊಂದು ವಿಷಯ. ಹೆರಿಗೆ ಆದ್ಮೇಲೆ ಒಂದು ವಾರ ನರ್ಸ್ ನಿಮ್ಮ ಮನೆಗೇ ಬಂದು ಬಾಣಂತನ ಮಾಡ್ತಾಳೆ. ಆದ್ರೆ ನಿಮ್ಮ ಮಂಚ ಎತ್ತರ ಇರ್ಬೇಕು, ಅವಳ ಸೊಂಟದ ಮಟ್ಟಕ್ಕೆ. ಕಾಲಿನ ಕೆಳಗೆ ಏನಾದ್ರೂ ಕೊಟ್ಟು ಎತ್ತರಿಸ್ಬೇಕು. ಬಗ್ಗಿ ಬಗ್ಗಿ ಅವಳ ಬೆನ್ನು ಹೋಗ್ಬಾರ್ದು ನೋಡಿ. ಮಂಚ ಎತ್ತರ ಇಲ್ದಿದ್ರೆ ಅವಳು ಕೆಲಸ ಮಾಡೋ ಹಾಗಿಲ್ಲ. ಕಾನೂನು."

ನರ್ಸಿನ ಬೆನ್ನಿಗೂ ಕಾನೂನಿರುವ ದೇಶ. ಆರು ತಿಂಗಳಿನಿಂದ ಗೊಂಚಲು ತುಂಬಿದ ಪೆಟ್ಟಿಗೆ ಎತ್ತುತ್ತಿದ್ದ ಕಿಂಗಾ ತನ್ನ ಸೊಂಟವನ್ನು ಒಮ್ಮೆ ನೀವಿಕೊಂಡಳು.

ಕಡೆಯ ತಿಂಗಳು ಎತ್ತರಿಸಿದರೆ ಸಾಕೆಂದು ಫೆನ್ನಾ ಹೇಳಿದ್ದಳು. ಕಿಂಗಾ ಕೇಳಿಸಿಕೊಂಡದ್ದು ಮಂಚ ಎತ್ತರ ಇರದಿದ್ದರೆ ಯಾರೂ ಬರುವುದಿಲ್ಲ ಎಂಬುದನ್ನು ಮಾತ್ರ. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಎಣ್ಣೆ ಹಚ್ಚಲು, ನೀರು ಕಾಯಿಸಲು, ಮಗುವನ್ನು ಹೀಗೆ ಹಿಡಿ ಎಂದು ಹೇಳಿಕೊಡಲು ಅವಳಿಗೆ ಬರುವವಳಿದ್ದರೆ ಆ ನರ್ಸ್ ಒಬ್ಬಳೇ. ಅವತ್ತು ಸಂಜೆಯೇ ಹಿತ್ತಲಿನಲ್ಲಿ ಬಿದ್ದಿದ್ದ ಟೊಮೆಟೊ ಪೆಟ್ಟಿಗೆಗಳನ್ನು ತಂದು ಮಂಚದ ನಾಲ್ಕೂ ಕಾಲಿಗೆ ಕೊಟ್ಟಳು. ಯಾದ್ವಿಗಾ ಮಂಚ ಹಿಡಿದಳು, ಬೈದಳು ಕೂಡ.

"ಇನ್ನೂ ಎರಡು ತಿಂಗಳಿದೆಯಲ್ಲೇ. ಈಗ್ಲೇ ಯಾಕೆ?"

"ನೋಡ್ತಾ ಮಲಗ್ತೀನಿ ದೊಡ್ಡಮ್ಮ. ಯಾರೋ ಬರ್ತಾರೆ ಅಂತ ಧೈರ್ಯ ಬರುತ್ತೆ."

ಹೊದಿಕೆಯನ್ನು ನೆಲದವರೆಗೆ ಇಳಿಬಿಟ್ಟಳು. ಒಳಗಿನ ಪೆಟ್ಟಿಗೆ ಕಾಣುತ್ತಿರಲಿಲ್ಲ. ಮಂಚದ ಎತ್ತರವನ್ನು ಮಾತ್ರ ಯಾವ ಹೊದಿಕೆಯೂ ಮುಚ್ಚುವುದಿಲ್ಲ. ಆ ದೇಶದಲ್ಲಿ ಎತ್ತರಿಸಿದ ಮಂಚವೆಂದರೆ ಬೀದಿಯ ಮಕ್ಕಳಿಗೂ ಅರ್ಥವಾಗುತ್ತದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಸೋಮವಾರ ಎಲ್ಲರೂ ಕೆಲಸದಲ್ಲಿದ್ದಾಗ ಕೋಣೆಗಳ ತಪಾಸಣೆ ನಡೆಯಿತು. ಮೇಲ್ವಿಚಾರಕನ ಹೆಸರು ಲೆಶೆಕ್. ಅವನೂ ಪೋಲೆಂಡಿನವನೇ. ಹದಿನೈದು ವರ್ಷದ ಹಿಂದೆ ಇದೇ ಗಾಜಿನ ಕೆಳಗೆ ಇದೇ ಅಂಟು ತಿಕ್ಕಿಕೊಂಡವನು. ಈಗ ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿದೆ. ಸಂಜೆ ಅಡುಗೆಮನೆಯಲ್ಲಿ ಕಾಯುತ್ತಿದ್ದ.

"ಕಿಂಗಾ, ನಿನ್ ಮಂಚ ಯಾಕೆ ಎತ್ತರ ಆಗಿದೆ?"

"ಕೆಳಗೆ ಸೂಟ್‌ಕೇಸ್ ಇಡೋಕೆ."

"ನಂಗೂ ಮಗಳಿದಾಳೆ," ಎಂದ ಲೆಶೆಕ್. ದನಿ ಏರಿಸಲಿಲ್ಲ. "ಇಲ್ಲೇ ಹುಟ್ಟಿದ್ದು. ಹೆಂಡ್ತಿ ಮಂಚಾನ ನಾನೇ ಎತ್ತರಿಸಿದ್ದೆ. ಎಷ್ಟು ತಿಂಗಳು?"

ಅವಳು ಮೇಲಂಗಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಅವನಿಗೆ ಬೇರೆ ಉತ್ತರ ಬೇಕಾಗಿರಲಿಲ್ಲ.

ಬಸುರಿಯನ್ನು ಕೆಲಸದಿಂದ ತೆಗೆಯಬಾರದೆಂದು ಹಾಲೆಂಡಿನಲ್ಲಿ ಕಾನೂನಿದೆ. ಏಜೆನ್ಸಿಯವರು ಕಾನೂನು ಮುರಿಯುವ ಜನವಲ್ಲ, ತುಂಬ ಮರ್ಯಾದಸ್ಥರು. ಅವರು ಯಾರನ್ನೂ ತೆಗೆಯುವುದಿಲ್ಲ. ಕೆಲಸವೇ ಮುಗಿದುಹೋಗುತ್ತದೆ. ಜುಲೈ ತಿಂಗಳಲ್ಲಿ, ಕಿತ್ತಷ್ಟೂ ಹಣ್ಣು ಕೆಂಪಾಗುವ ಕಾಲದಲ್ಲಿ, ಆ ಮೂವತ್ತು ಜನರಲ್ಲಿ ಒಬ್ಬಳಿಗೆ ಮಾತ್ರ ಕೆಲಸ ಮುಗಿದುಹೋಯಿತು. ಮಂಗಳವಾರ ಬೆಳಿಗ್ಗೆ ಫೋನಿಗೆ ಬರುವ ಪಾಳಿಯ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಕೆಲಸವಿಲ್ಲದವರಿಗೆ ಮಂಚವೂ ಇಲ್ಲ. ಭಾನುವಾರ ಖಾಲಿ ಮಾಡಬೇಕೆಂದು ಲೆಶೆಕ್ ಹೇಳಿ ಹೋದ.

ಅವಳು ಊರಿನಲ್ಲಿದ್ದ ಅಣ್ಣನಿಗೆ ಫೋನು ಮಾಡಿದಳು. ಬಾ ಎಂದ. ಹಿಂದಿನಿಂದ ಅತ್ತಿಗೆ ಏನೋ ಅಂದಳು. "ಒಂದೆರಡು ದಿನಕ್ಕೆ ಬಾ," ಎಂದು ತಿದ್ದಿಕೊಂಡ. ಆಮೇಲೆ ಫೆನ್ನಾಳ ಬಳಿ ಓಡಿದಳು. ಫೆನ್ನಾ ಕೆಂಡವಾದಳು.

"ಇದು ಅನ್ಯಾಯ. ನೀವು ದೂರು ಕೊಡ್ಬೇಕು. ನಾನು ವಿಳಾಸ ಕೊಡ್ತೀನಿ. ಖಂಡಿತ ಗೆಲ್ತೀರಿ."

"ಎಷ್ಟು ದಿನ ಆಗುತ್ತೆ?"

"ಕೆಲವು ತಿಂಗಳು."

"ಅಲ್ಲೀವರೆಗೆ ಎಲ್ಲಿ ಮಲಗ್ಲಿ?"

ಫೆನ್ನಾ ದೂರು ಕೊಡುವ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಕಿಂಗಾಗೇ ವಿಳಾಸ ಇಲ್ಲದಿದ್ದರೆ ನರ್ಸನ್ನು ಎಲ್ಲಿಗೆ ಕಳಿಸುವುದೆಂದು ಅವಳಿಗೂ ಗೊತ್ತಿರಲಿಲ್ಲ.

ಶನಿವಾರ ಸಂಜೆ ಕಿಂಗಾ ಬಟ್ಟೆ ಮಡಚುತ್ತಿದ್ದಳು. ಸಂತೆಯಲ್ಲಿ ಕೊಂಡಿದ್ದ ಪುಟ್ಟ ಕಾಲುಚೀಲಗಳನ್ನು ಚೀಲದ ತಳಕ್ಕೆ ಹಾಕಿದಳು. ಮತ್ತೆ ತೆಗೆದಳು. ಮೇಲೆ ಇಟ್ಟಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು.

"ಇದು ಬರೋದೇ ಬೇಡ ಅನ್ಸುತ್ತೆ ದೊಡ್ಡಮ್ಮ. ಎಲ್ಲಿಗೆ ಕರ್ಕೊಂಡು ಹೋಗ್ಲಿ ಇದನ್ನ?"

ಯಾದ್ವಿಗಾ ಆ ಕಾಲುಚೀಲಗಳನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ನನ್ ಮಗ ಎಳೆಗೂಸಿದ್ದಾಗ ನಮ್ಮಮ್ಮನ ಹತ್ರ ಬಿಟ್ಟು ಸ್ಟ್ರಾಬೆರಿ ಕೀಳೋಕೆ ಬಂದೆ ಕಣೇ. ಒಂದು ಸಲಕ್ಕೆ ಅಂತ ಬಂದಿದ್ದು. ಇನ್ನೂ ಎದೆಯಲ್ಲಿ ಹಾಲಿತ್ತು. ಗಿಡದ ಸಂದೀಲಿ ಕೂತು ಮಣ್ಣಿಗೆ ಹಿಂಡ್ತಿದ್ದೆ. ಈಗ ಅವನಿಗೆ ಮೂವತ್ತಾಗಿದೆ. ಅಜ್ಜೀನ ಅಮ್ಮ ಅಂದು ಬೆಳೆದ. ನನ್ನ ಯಾದ್ವಿಗಾ ಅಂತ ಹೆಸರು ಹಿಡಿದು ಕರೀತಾನೆ."

ಅವಳು ಎದ್ದು ಹೊರಗೆ ಹೋದಳು. ಅಡುಗೆಮನೆಯಲ್ಲಿ ಒಬ್ಬೊಬ್ಬರ ಹತ್ತಿರ ಪಿಸುಪಿಸು ಮಾತಾಡಿದ್ದು ಕೇಳಿಸಿತು. ಮೆಟ್ಟಿಲು ಹತ್ತಿ ಗಂಡಸರ ಕಡೆಗೂ ಹೋದಳು.

ಭಾನುವಾರ ಬೆಳಿಗ್ಗೆ ಕಿಂಗಾ ಸ್ನಾನ ಮುಗಿಸಿ ಬರುವಾಗ ಮನೆಯೆಲ್ಲ ಮಂಚ ಎಳೆಯುವ ಸದ್ದು. ಕೋಣೆಯಲ್ಲಿ ಯಾದ್ವಿಗಾ ತನ್ನ ಮಂಚದ ಕಾಲಿಗೆ ಪೆಟ್ಟಿಗೆ ಕೊಡುತ್ತಿದ್ದಳು.

"ನಿನಗ್ಯಾಕೆ ದೊಡ್ಡಮ್ಮ?"

"ನಂದೂ ಸೊಂಟ ಅಲ್ವಾ?"

ಮಧ್ಯಾಹ್ನ ಲೆಶೆಕ್ ಬಂದ. ಹಿಂದೆ ಬ್ಯಾಗು ಹೊತ್ತ ಹುಡುಗಿ. ಹತ್ತೊಂಬತ್ತು ವರ್ಷವಿರಬಹುದು, ಹೆಸರು ಇಗಾ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಮುಖ. ಕಿಂಗಾಳ ಮಂಚವನ್ನು ಅವಳಿಗೆ ಕೊಟ್ಟಿದ್ದರು. ಲೆಶೆಕ್ ಬಾಗಿಲು ತೆರೆದ, ಎರಡೂ ಮಂಚ ನೋಡಿದ. ಪಕ್ಕದ ಕೋಣೆ ತೆರೆದ, ಅಲ್ಲೂ ಅದೇ. ಮಹಡಿ ಹತ್ತಿದ. ಅಲ್ಲಿ ಗಡ್ಡದ ಝ್ಬಿಶೆಕ್ ಬಿಯರ್ ಪೆಟ್ಟಿಗೆಗಳ ಮೇಲೆ ಏರಿಸಿದ ಮಂಚದಲ್ಲಿ ಕಾಲು ಚಾಚಿ ಮಲಗಿದ್ದ.

"ಏನೋ ಇದು?" ಎಂದ ಲೆಶೆಕ್.

"ದಿನ ತುಂಬಿದೆ ಕಣಣ್ಣ. ನರ್ಸಿಗೆ ಹೇಳಿ ಕಳ್ಸು."

ಮೇಲೆಲ್ಲ ನಗು ಎದ್ದಿತು. ಲೆಶೆಕ್ ಕೆಳಗಿಳಿದು ಬಂದಾಗ ಅವನ ಕಿವಿ ಕೆಂಪಾಗಿತ್ತು.

"ಇಳಿಸಿ ಎಲ್ಲಾನೂ. ಯಾದ್ವಿಗಾ ಅಕ್ಕ, ನೀವು ದೊಡ್ಡವರು, ನೀವಾದ್ರೂ ಹೇಳಿ."

"ನಿನ್ ಹೆಂಡ್ತಿ ಹೆತ್ತಾಗ ಅವಳ ಮಂಚ ಯಾರಾದ್ರೂ ಇಳಿಸಿದ್ರಾ ಲೆಶೆಕ್?"

"ಅದು ನನ್ ಮನೆ."

"ಇದು ಯಾರ ಮನೆ? ನಾವು ಯಾರೂ ಇಲ್ಲಿ ಬದುಕ್ತಾ ಇಲ್ವಾ? ಒಬ್ಳ ಕೆಲಸ ಮುಗೀತು ಅಂದ್ಯಲ್ಲ, ಎಲ್ರದ್ದೂ ಮುಗಿಸು. ನಾಳೆ ಸೋಮವಾರ. ಹಣ್ಣು ನೀನೇ ಕೀಳು, ಅಭ್ಯಾಸ ಇದೆಯಲ್ಲ."

ಅವನು ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಮತ್ತೆ ಒಳಗೆ ಬರಲಿಲ್ಲ. ಇಗಾಳನ್ನು ಅಲ್ಲೇ ಬಿಟ್ಟು ಹೊರಟುಹೋದ. ಹುಡುಗಿ ಬ್ಯಾಗಿನ ಮೇಲೆ ಕೂತು ಎಲ್ಲರ ಮುಖ ನೋಡುತ್ತಿದ್ದಳು. ಯಾರೋ ಸಾರು ಕೊಟ್ಟರು. ನೆಲಕ್ಕೆ ಒಂದು ಹಾಸಿಗೆ ಹಾಕಿಕೊಟ್ಟರು.

ಸೋಮವಾರ ಬೆಳಿಗ್ಗೆ ಪಾಳಿಯ ಪಟ್ಟಿಯಲ್ಲಿ ಯಾರ ಹೆಸರೂ ಇರಲಿಲ್ಲ. ವ್ಯಾನು ಬರುವ ಹೊತ್ತಾಯಿತು, ಬರಲಿಲ್ಲ. ಅಡುಗೆಮನೆಯಲ್ಲಿ ನಿನ್ನೆಯ ನಗು ಇರಲಿಲ್ಲ. ಊರಿನಲ್ಲಿ ಮಕ್ಕಳಿದ್ದವರು, ಮನೆ ಕಟ್ಟುತ್ತಿದ್ದವರು ಕಾಫಿ ಲೋಟ ಹಿಡಿದು ಕಿಟಕಿ ನೋಡುತ್ತ ನಿಂತಿದ್ದರು. ಯಾರೂ ಕಿಂಗಾಳನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

ಅವಳು ಕೋಣೆಗೆ ಬಂದು ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಬಗ್ಗಿದಳು. ಇನ್ನೊಂದು ಕೈಯಲ್ಲಿ ಪೆಟ್ಟಿಗೆಯನ್ನು ಎಳೆಯತೊಡಗಿದಳು.

"ಏನ್ ಮಾಡ್ತಿದೀಯಕ್ಕ?" ನೆಲದ ಮೇಲಿಂದ ಇಗಾ ಕೇಳಿದಳು.

"ಇಳಿಸ್ತೀನಿ. ನಾನು ಹೊರಟುಹೋಗ್ತೀನಿ. ನೀನು ಮಲಗು ಇಲ್ಲಿ, ನಿಂದೇ ಮಂಚ. ನನ್ನಿಂದ ಇಷ್ಟು ಜನ ಉಪವಾಸ ಬೀಳೋದು ಬೇಡ."

ಇಗಾ ಎದ್ದಳು. ಆ ಎತ್ತರದ ಮಂಚ ಹತ್ತಿ ಕೂತುಬಿಟ್ಟಳು, ಪೂರ್ತಿ ಭಾರ ಬಿಟ್ಟು. ಕಿಂಗಾ ಎಳೆದೇ ಎಳೆದಳು. ಪೆಟ್ಟಿಗೆ ಅಲುಗಲಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ವ್ಯಾನಿನ ಸದ್ದು. ಲೆಶೆಕ್ ವ್ಯಾನಿನ ಬಾಗಿಲು ತೆರೆದಿಟ್ಟು ಕಿಟಕಿಗಳ ಕಡೆ ಮುಖ ಮಾಡಿ ಕೂಗಿದ.

"ಎಲ್ರಿಗೂ ಕೆಲಸ ಇದೆ. ಹತ್ಕೊಳ್ಳಿ. ಕಿಂಗಾ ಒಬ್ಳನ್ನ ಬಿಟ್ಟು."

ಇಂಜಿನ್ ಓಡುತ್ತಲೇ ಇತ್ತು. ಮೇಲೆ ಒಂದು ಬಾಗಿಲು ತೆರೆದುಕೊಂಡಿತು. ಬೂಟುಗಾಲು ಮೆಟ್ಟಿಲು ಇಳಿಯತೊಡಗಿತು. ಕಿಂಗಾ ಕಣ್ಣು ಮುಚ್ಚಿದಳು. ಒಬ್ಬ ಇಳಿದರೆ ಮುಗಿಯಿತು, ಹಿಂದೆಯೇ ಎಲ್ಲರೂ ಇಳಿಯುತ್ತಾರೆ. ಅವರನ್ನು ಬೈಯಲು ಅವಳಿಗೆ ಮನಸ್ಸಿರಲಿಲ್ಲ. ಹಸಿವು ಅವಳಿಗೂ ಗೊತ್ತು. ಬೂಟು ಅವರ ಬಾಗಿಲು ದಾಟಿ ಹೊರಗೆ ಹೋಯಿತು.

"ಝ್ಬಿಶೆಕ್," ಎಂದಳು ಕಿಟಕಿಯ ಬಳಿಯಿದ್ದ ಯಾದ್ವಿಗಾ. ದನಿ ಸತ್ತಿತ್ತು.

ಝ್ಬಿಶೆಕ್ ಅಂಗಳ ದಾಟಿ ವ್ಯಾನಿನ ಹತ್ತಿರ ಹೋದ. ಲೆಶೆಕ್ ಬದಿಗೆ ಸರಿದು ದಾರಿ ಬಿಟ್ಟ. ಝ್ಬಿಶೆಕ್ ಒಳಗೆ ಕಾಲಿಡಲಿಲ್ಲ. ತೆರೆದಿದ್ದ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ದಬಾರೆಂದು ಮುಚ್ಚಿದ. ಆಮೇಲೆ ತಿರುಗಿ ಬಂದು ಮೆಟ್ಟಿಲು ಹತ್ತಿದ.

ವ್ಯಾನು ಸ್ವಲ್ಪ ಹೊತ್ತು ನಿಂತಿತ್ತು. ಕೊನೆಗೆ ಖಾಲಿಯೇ ಹೋಯಿತು. ನಾಳೆಯೂ ಅದು ಬರುತ್ತದೆಂದು, ಬಂದು ಇದನ್ನೇ ಕೇಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕಿಂಗಾ ಕೈ ಚಾಚಿದಳು. ಇಗಾ ಅವಳನ್ನು ಮೇಲಕ್ಕೆ ಎಳೆದುಕೊಂಡಳು. ಅವತ್ತು ಆ ಮನೆಯಲ್ಲಿ ಯಾರೂ ಮಂಚ ಇಳಿಸಲಿಲ್ಲ.