ಎಷ್ಟು ತಾಸು ನಿಂತಿತ್ತು

ಶಿವಗಣಾರಾಧನೆ ಮುಗಿದು, ಕಡೆಯ ನೆಂಟರೂ ಚೀಲ ಎತ್ತಿಕೊಂಡು ಊರಿಗೆ ಹೋದ ಮರುದಿನ, ಮುಂಜಾನೆ ಏಳಕ್ಕೆ ಅಂಜನಾ ಕಿಟಕಿಯ ಬೆಳಕಿಗೆ ನಿಂತು ಎಡಗೈಯ ಹಿಂಬದಿಗೆ ಎರಡು ಟ್ಯೂಬುಗಳಿಂದ ಬಣ್ಣ ಹಿಂಡಿಕೊಂಡಳು. ಗೋಧಿಬಣ್ಣದ್ದು ಎರಡು ಬೊಟ್ಟು, ಜೇನುಬಣ್ಣದ್ದು ಒಂದು. ಉಂಗುರದ ಬೆರಳಿನಿಂದ ಎರಡನ್ನೂ ಕಲಸಿದಳು. ಕಲಸಿ ತಿರುಗಿದಾಗ ಹಚ್ಚಲು ಮುಖ ಇರಲಿಲ್ಲ.

ಬೆತ್ತದ ಕುರ್ಚಿ ಅಲ್ಲೇ ಇತ್ತು. ದಿನವೂ ಈ ಹೊತ್ತಿಗೆ ಗಂಡ ವಿವೇಕಾನಂದ ಅದರಲ್ಲಿ ಕೂತು, ಕೊರಳಿಗೆ ಟವೆಲ್ ಸುತ್ತಿಕೊಂಡು, ಗದ್ದ ಮೇಲೆತ್ತಿ, "ಲಗೂ ಹಚ್ಚು, ಬಸ್ ಹೋಗ್ತದ," ಅನ್ನುತ್ತಿದ್ದ.

ಅವಳು ಅಳಲಿಲ್ಲ. ಅವನು ತೀರಿಕೊಂಡಾಗಿನಿಂದ ಅತ್ತಿರಲಿಲ್ಲ. ಬಂದವರು ಅದಕ್ಕೂ ಒಂದೊಂದು ಮಾತು ಆಡಿ ಹೋಗಿದ್ದರು. ಬಣ್ಣ ಒಣಗಿ ಕೈಯ ಚರ್ಮ ಬಿಗಿಯುವ ತನಕ ಹಾಗೇ ನಿಂತಿದ್ದಳು.

"ಅಂಜನಾ, ಚಾ ಆರಲಾಕತ್ತದ," ಎಂದು ಅಡುಗೆಮನೆಯಿಂದ ಅತ್ತೆ ಶಾರದಾಬಾಯಿ ಕೂಗಿದರು.

"ಬಂದೆರಿ ಅತ್ತಿ."

ವಿವೇಕಾನಂದನ ಎಡ ತುಟಿಯ ಅಂಚಿನಿಂದ ಗದ್ದದ ಕೆಳಗಿನವರೆಗೆ ಒಂದು ಬಿಳಿ ಮಚ್ಚೆ ಇತ್ತು, ವೀಳ್ಯದೆಲೆಯಷ್ಟು. ಹೆಣ್ಣು ನೋಡಲು ಬಂದ ದಿನ, ಹಿರಿಯರೆಲ್ಲ ಕೂತಿದ್ದಂತೆಯೇ, ಅವನು ಕರ್ಚೀಫಿನಿಂದ ಗದ್ದ ಉಜ್ಜಿ ಪೌಡರ್ ತೆಗೆದು, "ಇದನ್ನ ನೋಡಿ ಹೂಂ ಅನ್ರಿ," ಅಂದಿದ್ದ. ಶಾರದಾಬಾಯಿಯವರು ಸೆರಗು ಬಾಯಿಗೆ ಹಿಡಿದುಕೊಂಡಿದ್ದರು. ಅಂಜನಾ ನೋಡಿ ಹೂಂ ಅಂದಳು. ಅದರಲ್ಲಿ ದೊಡ್ಡತನವೇನೂ ಇರಲಿಲ್ಲ. ಅವನ ದನಿ ಅವಳಿಗೆ ಹಿಡಿಸಿತ್ತು, ಅಷ್ಟೇ.

ಶಾರದಾಬಾಯಿಗೆ ಮಾತ್ರ ಆ ಮಚ್ಚೆ ಮಂದಿಯ ಕಣ್ಣಿಗೆ ಬೀಳಬಾರದು. ಅವರು ಅದರ ಹೆಸರು ಕೂಡ ಹೇಳುತ್ತಿರಲಿಲ್ಲ, "ಅದು" ಅನ್ನುತ್ತಿದ್ದರು. ಮದುವೆಯಲ್ಲಿ ಪಾರ್ಲರಿನವರು ಬಳಿದದ್ದು ಅಕ್ಷತೆಯ ಹೊತ್ತಿಗೆ ಬೆವರಿಗೆ ಹರಿದು ಕೊರಳಿಗೆ ಬಂತು. ಆಮೇಲೆ ಆ ಕೆಲಸ ಅಂಜನಾಳ ಕೈಗೆ ಬಂತು. ಅವಳು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು. ನೌಕರಿ ಸಿಕ್ಕಿರಲಿಲ್ಲ, ಮಕ್ಕಳಾಗಿರಲಿಲ್ಲ. ಶರಣಸಿರಸಗಿಯ ಹೊಸ ಬಡಾವಣೆಯ ಮನೆಯಲ್ಲಿ ಹಗಲು ಉದ್ದವಾಗಿತ್ತು.

ಅವಳು ಅದನ್ನು ಪ್ರಯೋಗದ ಹಾಗೆ ಹಿಡಿದಳು. ಭಾನುವಾರ ಗಂಡನನ್ನು ಕರೆದುಕೊಂಡು ಜಗತ್ ಸರ್ಕಲ್ ಕಡೆ ಸಮೀವುಲ್ಲಾನ ಫ್ಯಾನ್ಸಿ ಅಂಗಡಿಗೆ ಹೋಗುವಳು. ಟ್ಯೂಬ್‌ಲೈಟಿನ ಬೆಳಕು ಸುಳ್ಳು ಹೇಳುತ್ತದೆಂದು ಅವನನ್ನು ಹೊಸ್ತಿಲಾಚೆ ಬಿಸಿಲಿಗೆ ನಿಲ್ಲಿಸಿ, ದವಡೆಗೆ ನಾಲ್ಕು ಬಣ್ಣದ ನಾಲ್ಕು ಗೆರೆ ಎಳೆಯುವಳು. ಆಟೋದವರು ನಿಧಾನ ಮಾಡಿ ನೋಡುವರು.

"ಬಾಯಿ, ನಿಮಗಂತ ಒಂದು ಲಿಪ್‌ಸ್ಟಿಕ್ಕೂ ತಗೊಂಡಿಲ್ಲ ನೀವು," ಎಂದು ಸಮೀವುಲ್ಲಾ ನಗುತ್ತಿದ್ದ. "ಎಲ್ಲಾ ಸಾಹೇಬ್ರಿಗೇ. ನಮ್ಮ ಮನಿಯಾಕಿಗೆ ನಿಮ್ಮ ಕಡಿ ಕಳಸ್ತೀನಿ, ಏನರ ಕಲೀಲಿ."

"ಕಳಸಬ್ಯಾಡ ಸಮೀಭಾಯ್," ಅನ್ನುತ್ತಿದ್ದ ವಿವೇಕಾನಂದ. "ಆಮ್ಯಾಲ ನಿನ್ನೂ ಹಿಂಗ ಬಿಸಲಾಗ ನಿಂದ್ರಸ್ತಾಳ."

ಹಳೆಯ ಪ್ರಾಕ್ಟಿಕಲ್ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದಳು. ತಾರೀಖು, ಬಿಸಿಲು ಎಷ್ಟು, ಮೊದಲು ಏನು ಹಚ್ಚಿದೆ, ಮೇಲೆ ಯಾವ ಪೌಡರ್. ಕಡೆಯ ಸಾಲು ಯಾವಾಗಲೂ ಅವನದು. ಅವನು ಕಮಲಾಪುರದ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಸಂಜೆ ಬಸ್ಸಿಳಿದು ಬಂದು ಚಪ್ಪಲಿ ಬಿಡುವ ಮೊದಲೇ ಹೇಳಬೇಕು.

"ಇವತ್ತು ಮೂರು ತಾಸು ನಿಂತದ ನೋಡು. ಗದ್ದದ ಕೆಳಗ ಒಂದೀಟು ಬಿರಕ ಬಿಟ್ಟಿತ್ತು."

ಅವಳು ಬರೆಯುವಳು. ಮರುದಿನ ಸನ್‌ಸ್ಕ್ರೀನ್ ಬದಲಿಸುವಳು. ಮೂರು ತಾಸು ನಾಲ್ಕಾಯಿತು, ನಾಲ್ಕು ಐದಾಯಿತು. ನಲವತ್ತೆರಡು ಡಿಗ್ರಿಯ ಒಂದು ದಿನ ಅವನು "ಆರು ತಾಸು," ಅಂದಾಗ ಶಾವಿಗೆ ಪಾಯಸ ಮಾಡಿದ್ದಳು. ಎರಡು ಪಾಲು ಗೋಧಿ, ಒಂದು ಪಾಲು ಜೇನು: ಆ ಲೆಕ್ಕ ಅಲ್ಲಿಗೆ ಖಾಯಂ ಆಯಿತು.

ಚಹಾ ಕುಡಿಯುತ್ತ ಶಾರದಾಬಾಯಿ ಹೇಳಿದರು, "ಅವನ ಕಾಲೇಜಿನ ಚೀಲ ಹಂಗೇ ಬಿದ್ದದ. ತಗದು ನೋಡವ್ವ. ಡಬ್ಬಿ ಅದೇನೋ ಒಳಗ."

ಕಾಲೇಜಿನ ಜವಾನ ಮರೆಪ್ಪ ಹೆಣದ ಜೊತೆಗೇ ತಂದಿಟ್ಟು ಹೋದ ಚೀಲ. ಸ್ಟಾಫ್ ರೂಮಿನಲ್ಲಿ, ಮುಂಜಾನೆ ಹನ್ನೊಂದಕ್ಕೆ, ಮೂವತ್ನಾಲ್ಕು ವರ್ಷದ ಎದೆ ನಿಂತಿತ್ತು. ಆಸ್ಪತ್ರೆಯಿಂದ ಮನೆಗೆ ತಂದಾಗ ಅವನ ಗದ್ದದ ಮೇಲೆ ಬಣ್ಣ ಇರಲಿಲ್ಲ. ಆಸ್ಪತ್ರೆಯವರು ಒರೆಸಿರಬೇಕು ಅಂದುಕೊಂಡಳು ಅಂಜನಾ. ಶಾರದಾಬಾಯಿ ಅವಳ ಕಿವಿಯ ಹತ್ತಿರ ಬಂದು, "ಹಂಗೇ ಮಂದಿ ಮುಂದ ಕೂಡಸಬ್ಯಾಡವ್ವ. ದಿನಾ ಹಚ್ಚತೀಯಲ್ಲ, ಹಚ್ಚು," ಅಂದಿದ್ದರು. ಹಚ್ಚಿದಳು. ತಣ್ಣಗಿನ ಚರ್ಮಕ್ಕೆ ಕ್ರೀಮು ಕೂಡುವುದಿಲ್ಲ. ಬೆರಳು ಬಿಸಿ ಮಾಡಿಕೊಂಡು ಮೂರು ಸಲ ಹಚ್ಚಬೇಕಾಯಿತು. ಹಣೆಗೆ ಮಠದ ಐನವರು ವಿಭೂತಿ ಹಚ್ಚಿದರು, ಗದ್ದಕ್ಕೆ ಅವಳು ಬಣ್ಣ. ಕುಳಿತಂತೆ ಕೂಡಿಸಿ ಹೂವು ಹಾಕಿದಾಗ ನೆಂಟರು, ಜೀವ ಇದ್ದಂಗ ಅದ, ಅಂದರು.

ಕಮಲಾಪುರದಿಂದ ಟೆಂಪೊ ಮಾಡಿಕೊಂಡು ಬಂದ ಹುಡುಗಿಯರಲ್ಲಿ ಒಬ್ಬಳು ಮಾತ್ರ ಅವನ ಮುಖವನ್ನು ಬಹಳ ಹೊತ್ತು ನೋಡಿ, ಗೆಳತಿಯ ಕಡೆ ಬಾಗಿ, "ಇವರು ನಮ್ಮ ಸರ್ ಅಲ್ಲ ಅನಸ್ತದ," ಅಂದಳು. ಅಂಜನಾಳಿಗೆ ಕೇಳಿಸಿತ್ತು. ಸಾವು ಮುಖ ಬದಲಿಸುತ್ತದೆ ಅಂದುಕೊಂಡಿದ್ದಳು. ಆದರೂ ಆ ಮಾತು ಸೀರೆಗೆ ಹತ್ತಿದ ಮುಳ್ಳಿನ ಹಾಗೆ ಎಲ್ಲಿ ಕೂತರೂ ಚುಚ್ಚುತ್ತಿತ್ತು.

ಚೀಲದಲ್ಲಿ ಊಟದ ಡಬ್ಬಿ ಇತ್ತು, ಉಣ್ಣದೆ ಹಳಸಿದ್ದು. ಹಾಜರಿ ಪುಸ್ತಕ. ಒಂದು ಪುಡಿಕೆ ಹತ್ತಿ. ತಳದಲ್ಲಿ, ಕರಿ ಪ್ಲಾಸ್ಟಿಕ್ಕಿನ ಚಪ್ಪಟೆ ಡಬ್ಬಿ. ತೆಗೆದರೆ ಮುಚ್ಚಳದಲ್ಲಿ ಕನ್ನಡಿ, ಕೆಳಗೆ ಆರು ಕುಳಿ, ಆರು ಮೈಬಣ್ಣ. ಮದುಮಕ್ಕಳಿಗೆ ಹಚ್ಚುವ ಬಗೆಯದು. ಹಿಂದೆ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು: ಮದಿಹಾ ಲೇಡೀಸ್ ಪಾರ್ಲರ್, ಕಮಲಾಪುರ.

"ಯಾವಾಕಿ ಸಾಮಾನ ಅದು?" ಶಾರದಾಬಾಯಿಯ ದನಿ ಬದಲಾಯಿತು. "ಒಗದು ಬಿಡು. ಸತ್ತವನ ಮ್ಯಾಲ ಈಗೇನು."

ಅಂಜನಾ ಆ ಸಂಶಯದ ದಿಕ್ಕಿಗೆ ಹೋಗಲಿಲ್ಲ. ಅವಳು ಬಣ್ಣ ನೋಡುತ್ತಿದ್ದಳು. ನಾಲ್ಕು ಕುಳಿ ಹಾಗೇ ಇದ್ದವು. ಮೂರನೆಯದೂ ಐದನೆಯದೂ ಬೆರಳು ತಾಗಿ ತಗ್ಗಾಗಿದ್ದವು. ಮೂರನೆಯದು ಗೋಧಿ, ಐದನೆಯದು ಜೇನು. ಮೂರನೆಯದರ ತಗ್ಗು ಐದನೆಯದರ ಎರಡರಷ್ಟಿತ್ತು. ಅವಳದೇ ಲೆಕ್ಕ. ಆರು ತಾಸು ನಿಲ್ಲುವ ಬಣ್ಣವನ್ನು ಮುಖಕ್ಕೆ ಹಚ್ಚಿಕೊಂಡು ಹೋಗುವವನಿಗೆ ಇದು ಯಾಕೆ ಬೇಕಾಯಿತು?

"ಕಮಲಾಪುರಕ್ಕ ಹೋಗಿ ಕೊಟ್ಟು ಬರ್ತೀನಿ," ಅಂದಳು.

"ಹುಚ್ಚಿ ಏನ ನೀ? ಮಣ್ಣು ಇನ್ನಾ ಹಸೀ ಅದ. ಹೊಸ್ತಿಲ ದಾಟಿದ್ರ ಮಂದಿ ಏನಂದಾರು?"

"ಅವರು ಕಡಾ ತಂದದ್ದು, ಅತ್ತಿ."

ಶಾರದಾಬಾಯಿ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದರು. ಕಡ ತಂದ ಡಬ್ಬಿಯನ್ನು ಬರಿದಾಗಿ ಮರಳಿಸುವ ರೂಢಿ ಅವರ ಮನೆಯಲ್ಲಿ ಇರಲಿಲ್ಲ; ಪಕ್ಕದ ಮನೆಯ ಬಟ್ಟಲಿಗೂ ಎರಡು ಚಮಚ ಸಕ್ಕರೆ ಹಾಕಿಯೇ ಕೊಡುವರು. ಅಂಜನಾ ತನ್ನ ಎರಡು ಟ್ಯೂಬುಗಳನ್ನೂ ಚೀಲಕ್ಕೆ ಹಾಕಿಕೊಂಡಳು.

ಹುಮನಾಬಾದ್ ಕಡೆಯ ಬಸ್ಸು. ಅವನು ಕೂರುತ್ತಿದ್ದದ್ದು ಎಡಗಡೆಯ ಕಿಟಕಿಯೋ ಬಲಗಡೆಯದೋ, ಅವಳು ಯಾವತ್ತೂ ಕೇಳಿರಲಿಲ್ಲ. ಕಮಲಾಪುರದಲ್ಲಿ ಇಳಿದಾಗ ತಳ್ಳುಗಾಡಿಗಳ ಮೇಲೆ ಕೆಂಪು ಬಾಳೆ ಬಿಸಿಲಿಗೆ ಮಿಂಚುತ್ತಿತ್ತು. ಕಾಲೇಜಿನ ಗೇಟಿನ ಎದುರಿಗೇ ಪಾರ್ಲರು. ಹಸಿರು ಪರದೆ, "ಮಹಿಳೆಯರಿಗೆ ಮಾತ್ರ" ಎಂಬ ಹಲಗೆ, ಮುಂದೆ ಎರಡು ಕಲ್ಲಿನ ಮೆಟ್ಟಿಲು.

ಮದಿಹಾ ಅವಳದೇ ವಯಸ್ಸಿನವಳು. ಡಬ್ಬಿ ನೋಡಿದ ಕೂಡಲೇ ಗುರುತು ಹಿಡಿದಳು. ಕೈಗೆ ಹತ್ತಿದ ಕಡಲೆಹಿಟ್ಟು ಒರೆಸಿಕೊಳ್ಳುವುದನ್ನೂ ಮರೆತು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಯಾ ಅಲ್ಲಾ. ನೀವು ಸರ್ ಮನಿಯವರು."

ಅಂಜನಾ ಪಕ್ಕದಲ್ಲಿ ಕೂತಳು. "ಇದು ಅವರ ಹತ್ರ ಯಾಕಿತ್ತು?"

ಮದಿಹಾ ಸುತ್ತಿ ಬಳಸಲಿಲ್ಲ. "ಎರಡು ವರ್ಷದ ಹಿಂದ, ಬ್ಯಾಸಗಿ ದಿನ, ಬಸ್ ಇಳದು ಬಂದ್ರು. ಬಣ್ಣ ಹರದು ಕಾಲರಿಗೆ ಇಳದಿತ್ತು. ಗೇಟಿನಾಗ ಹುಡುಗೂರು ಕಿಸಿಕಿಸಿ ನಗಲಾಕತ್ತಿದ್ರು. ಒಂದೀಟು ಹತ್ತಿ ಕೊಡ್ತೀರೇನವ್ವಾ ಅಂದ್ರು. ಗಂಡಸರಿಗೆ ಒಳಗ ಇಲ್ಲ ಸರ್ ಅಂದೆ. ಇಲ್ಲೇ, ನೀವು ಕುಂತಲ್ಲೇ ಕುಂತು, ಪೂರಾ ಒರಸ್ಕೊಂಡ್ರು. ಅದೇ ಮುಖ ತಗೊಂಡು ಕ್ಲಾಸಿಗೆ ಹೋದ್ರು."

"ಆಮ್ಯಾಲ?"

"ಮರುದಿನ ಮತ್ತ ಬಂದ್ರು. ದಿನಾ ಅದೇ ಆತು. ಮುಂಜಾನಿ ಒರಸೂದು, ಸಂಜಿ ಬಸ್ಸಿಗೆ ಮುಂಚೆ ಹಚ್ಕೊಳ್ಳೂದು. ಮೊದಲು ಬಣ್ಣ ಕೂಡ್ತಿರಲಿಲ್ಲ, ಕಲಸಿ ಕಲಸಿ ನೋಡಿದ್ರು. ನಾ ನಗ್ತಿದ್ದೆ, ಸರ್ ನೀವು ಪಾರ್ಲರ್ ತಗೀರಿ, ನಾ ಹಿಸ್ಟರಿ ಹೇಳ್ತೀನಿ ಅಂತ. ಹೋದ ತಿಂಗಳು ನಾ ಒಂದು ಲಗ್ನಕ್ಕ ಹೋಗೋದಿತ್ತು, ಅಂಗಡಿ ಮುಚ್ಚೋದು. ಅದಕ್ಕ ಡಬ್ಬೀನೇ ಕೊಟ್ಟೆ, ಇಟ್ಕೊಂಡಿರ್ರಿ ಅಂತ."

ಅಂಜನಾ ಗೇಟಿನ ಕಡೆ ನೋಡಿದಳು.

"ಮತ್ತ ನನಗ ದಿನಾ ಹೇಳ್ತಿದ್ರಲ್ಲ. ಐದು ತಾಸು ನಿಂತದ, ಆರು ತಾಸು ನಿಂತದ ಅಂತ."

ಮದಿಹಾ ತಲೆ ತಗ್ಗಿಸಿದಳು. "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾ. ಅದು ನನ್ನೂ ಕೇಳ್ತಿದ್ರು. ನಿನ್ನಿ ನಾಕು ಅಂದೀನಿ, ಇವತ್ತು ಆರು ಅನ್ಲೇನು ಅಂತ. ಈ ಬಿಸಲಾಗ ಆರು ಅಂದ್ರ ಯಾರು ನಂಬ್ತಾರ ಸರ್, ಐದು ಅನ್ರಿ, ಗದ್ದದ ಕೆಳಗ ಬಿರಕು ಬಿಡ್ತು ಅನ್ರಿ, ಖರೇ ಅನಸ್ತದ, ಅಂತ ನಾನೇ ಹೇಳಿಕೊಟ್ಟೀನಿ."

ಅಂಜನಾಳಿಗೆ ತನ್ನ ನೋಟ್‌ಬುಕ್ಕು ಕಣ್ಣಿಗೆ ಬಂತು. ಅಡಿಗೆರೆ ಎಳೆದ ಅಂಕಿಗಳು. ಆ ಪಾಯಸ. ಗೆಳತಿಯರಿಗೆ ಫೋನ್ ಮಾಡಿ, ಇದೇ ಪೌಡರ್ ತಗೊಳ್ಳಿ, ನಾನು ಪರೀಕ್ಷೆ ಮಾಡಿದ್ದೇನೆ, ಅಂದದ್ದು.

"ನಾ ಹಚ್ಚೂದು ಅವರಿಗೆ ಬ್ಯಾಡಾಗಿತ್ತೇನು?"

"ಬ್ಯಾಡ ಅಂತ ಒಂದಿನಾನೂ ಅಂದಿಲ್ಲ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಕೇಳೀನಿ. ಅದಕ್ಕ ಅವರು..." ಮದಿಹಾ ತಡೆದಳು. "'ಹೇಳಿದ್ರ ಆಕಿ ಕೈ ಖಾಲಿ ಆಗ್ತದ' ಅಂದ್ರು."

ಕರುಣೆಯೋ ಪ್ರೀತಿಯೋ, ಅವಳಿಗೆ ತಿಳಿಯಲಿಲ್ಲ. ತಿಳಿಸಬೇಕಾದವನನ್ನು ಎರಡು ವಾರದ ಹಿಂದೆ ಮಣ್ಣಲ್ಲಿ ಕೂಡಿಸಿಯಾಗಿತ್ತು. ಒಂದು ಭಾನುವಾರ ನೆನಪಾಯಿತು. ಅವನು ಕುರ್ಚಿಯಲ್ಲಿ ಕೂರದೆ, "ಇವತ್ತು ಬ್ಯಾಡ ಬಿಡು, ಹಿಂಗೇ ಇರ್ಲಿ," ಅಂದಿದ್ದ. ಅವಳು ಟ್ಯೂಬುಗಳನ್ನು ಅಲ್ಮಾರಿಗೆ ಹಾಕಿ ಬಾಗಿಲನ್ನು ಸಪ್ಪಳ ಮಾಡಿ ಮುಚ್ಚಿದ್ದಳು. ಐದು ನಿಮಿಷಕ್ಕೆ ಅವನು ತಾನಾಗಿ ಬಂದು ಕೂತು ಗದ್ದ ಮೇಲೆತ್ತಿದ್ದ. ಹೇಳಲು ಬಂದದ್ದು ಅದೇ ದಿನ ಇರಬೇಕು.

"ಹುಡುಗೂರು ನಗ್ತಿದ್ರೇನು? ಹಂಗೇ ಹೋದಾಗ?"

"ಒಂದು ವಾರ ನೋಡಿದ್ರು. ಆಮ್ಯಾಲ ಅದೇ ಸರ್ ಮುಖ ಆತು."

ಅಂಜನಾ ತನ್ನ ಎಡಗೈ ನೋಡಿಕೊಂಡಳು. ಮುಂಜಾನೆಯ ಬಣ್ಣ ಗೆರೆಗಳಲ್ಲಿ ಇನ್ನೂ ಉಳಿದಿತ್ತು.

"ಮಣ್ಣಿಗೆ ಇಡೂ ಮುಂದ ನಾನೇ ಹಚ್ಚೀನಿ," ಅಂದಳು. "ಮೂರು ಸಲ. ಅವರು ಒರಸ್ಕೊಂಡು ಹೋಗಿದ್ರು. ನಾ ಮತ್ತ ಹಚ್ಚಿ ಕಳಸೀನಿ. ನಿಮ್ಮೂರ ಹುಡುಗಿಗೆ ಗುರ್ತ ಸಿಗಲಿಲ್ಲ."

ಅಷ್ಟು ಹೇಳುವಾಗ ದನಿ ಒಡೆಯಿತು. ಇಷ್ಟು ದಿನ ಬಾರದ್ದು ಗುರುತಿಲ್ಲದ ಊರಿನ ಮೆಟ್ಟಿಲ ಮೇಲೆ ಬಂತು. ಮದಿಹಾ ಹಿಟ್ಟಿನ ಕೈಯಿಂದಲೇ ಅವಳ ಬೆನ್ನು ಹಿಡಿದುಕೊಂಡಳು. ಬಸ್ಸೊಂದು ಬಂದು ನಿಂತು ಹೋಯಿತು.

ಬಹಳ ಹೊತ್ತಿನ ಮೇಲೆ ಅಂಜನಾ ಮುಖ ಒರೆಸಿಕೊಂಡು ಡಬ್ಬಿ ತೆರೆದಳು.

"ನೀವೇ ಇಟ್ಕೋರಿ ಅಕ್ಕಾ," ಮದಿಹಾ ಅಂದಳು. "ಅವರ ಬೆರಳಿನ ಗುರ್ತ ಅದ."

"ಕಡಾ ತಂದದ್ದು."

ಅಂಜನಾ ಟ್ಯೂಬುಗಳನ್ನು ಹೊರತೆಗೆದಳು. ಮೂರನೆಯ ತಗ್ಗಿನ ಮೇಲೆ ತನ್ನ ಬೆರಳು ಇಟ್ಟು ನೋಡಿದಳು. ತಗ್ಗು ದೊಡ್ಡದು, ಬೆರಳು ಚಿಕ್ಕದು. ಬೆರಳು ತೆಗೆದು ಗೋಧಿಬಣ್ಣವನ್ನು ಅದರೊಳಗೆ ಹಿಂಡಿದಳು.

"ಬ್ಯಾರೆ ಕಂಪನಿದು, ಕೂಡ್ತದೇನು?"

"ಎರಡೂ ಎಣ್ಣಿ ಹಾಕಿದ ಬಣ್ಣಾನೇ. ಕೂಡ್ತದ."

ಐದನೆಯದಕ್ಕೆ ಜೇನುಬಣ್ಣ. ಉಂಗುರದ ಬೆರಳಿನಿಂದ ಎರಡನ್ನೂ ಸಮ ಮಾಡಿದಳು. ಆರೂ ಕುಳಿಗಳು ಒಂದೇ ಮಟ್ಟಕ್ಕೆ ಬಂದವು.

ಪರದೆ ಸರಿಸಿ ಒಬ್ಬ ಹುಡುಗಿ ಇಣುಕಿದಳು. ಕೈಗೆ ಮೆಹಂದಿ, ಮುಖದ ತುಂಬ ಒಣಗಿದ ಹಿಟ್ಟು. ನಾಳೆಯ ಮದುಮಗಳು. ಅವಳ ಕಣ್ಣು ನೇರ ಡಬ್ಬಿಗೆ ಬಿತ್ತು.

"ಆಪಾ, ಇದೇ ಹಚ್ಚತೀಯೇನು ನಾಳಿ?" ಅಂದವಳು ಅಂಜನಾಳ ಕಡೆ ತಿರುಗಿದಳು. "ಎಷ್ಟು ತಾಸು ನಿಂದರ್ತದ್ರೀ ಇದು?"

ಅಂಜನಾ ಮುಚ್ಚಳ ಹಾಕಿ ಡಬ್ಬಿಯನ್ನು ಮದಿಹಾಳ ಕೈಗೆ ಕೊಟ್ಟಳು.

"ನನಗ ಗೊತ್ತಿಲ್ಲವ್ವ," ಅಂದಳು.